ಬಂದವರು ಪೇಟೆಯಲ್ಲೇ ಇರಲಿ

ತುಮಕೂರು ಬಳಿಯ ಕೈಗಾರಿಕಾ ಪ್ರದೇಶವಾದ ವಸಂತನರಸಾಪುರಕ್ಕೆ ಜಪಾನಿನವರೋ ಕೊರಿಯಾದವರೋ ಬಂದು ನೆಲೆ ನಿಲ್ಲಬೇಕಾದರೆ ಅವರಿಗೆ ಅವರದೇ ಒಂದು ಊರು ಕಟ್ಟಿಕೊಡಬೇಕು ಎಂಬ ಮಾತನ್ನು ತುಮಕೂರಿನಲ್ಲಿ ಈಗ ಪ್ರಶ್ನಿಸುವವರೇ ಕಡಿಮೆ. ಅವರ ಊಟದ ಹೋಟೆಲು, ಅವರ ಮಕ್ಕಳ ಶಾಲೆ, ಅವರ ಕ್ಲಬ್ಬು, ಅವರ ಆಸ್ಪತ್ರೆ, ಸುತ್ತ ಎತ್ತರದ ಕಾಂಪೌಂಡು, ಗೇಟಿನಲ್ಲಿ ಸೆಕ್ಯುರಿಟಿ: ಇಷ್ಟಿದ್ದರೆ ಬಂಡವಾಳ ಬರುತ್ತದೆ, ಇಲ್ಲದಿದ್ದರೆ ಪಕ್ಕದ ರಾಜ್ಯಕ್ಕೆ ಹೋಗುತ್ತದೆ ಎಂಬ ಲೆಕ್ಕಾಚಾರ ಇದು. ಭಾರತ ಮತ್ತು ಜಪಾನ್ ಸರ್ಕಾರಗಳು ಒಟ್ಟಾಗಿ ಗುರುತಿಸಿದ ಜಪಾನಿ ಕೈಗಾರಿಕಾ ಟೌನ್‌ಶಿಪ್‌ಗಳ ಪಟ್ಟಿಯಲ್ಲಿ ತುಮಕೂರಿನ ಹೆಸರೂ ಇದೆ. ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರಿನಡಿ ಇಲ್ಲಿನ ಯೋಜನೆಗೆ ಕೇಂದ್ರ ಸರ್ಕಾರ 2020ರ ಡಿಸೆಂಬರ್ 30ರಂದು 1,701 ಕೋಟಿ ರೂಪಾಯಿಗೂ ಹೆಚ್ಚಿನ ಮೊತ್ತಕ್ಕೆ ಒಪ್ಪಿಗೆ ಕೊಟ್ಟಿತು. 2023ರ ಫೆಬ್ರುವರಿ 6ರಂದು ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ದಿನವೇ, ಮೂರು ಹಂತಗಳಲ್ಲಿ 8,484 ಎಕರೆಗೆ ಹರಡುವ ತುಮಕೂರು ಕೈಗಾರಿಕಾ ಟೌನ್‌ಶಿಪ್ಪಿಗೆ ಶಂಕುಸ್ಥಾಪನೆಯೂ ನಡೆಯಿತು. ಎಂಟು ಸಾವಿರ ಎಕರೆ ಅಂದರೆ ಸಣ್ಣ ಮಾತಲ್ಲ. ಅಷ್ಟು ನೆಲದ ಮೇಲೆ ಯಾರು ಯಾರ ಪಕ್ಕದಲ್ಲಿ ಬದುಕುತ್ತಾರೆ ಎಂಬುದು ಈ ಜಿಲ್ಲೆಯ ಮುಂದಿನ ಐವತ್ತು ವರ್ಷಗಳ ಪ್ರಶ್ನೆ. ಬಂದವರನ್ನು ಊರಾಚೆ ಬೇಲಿಯೊಳಗೆ ಇರಿಸುವುದೇ ಅವರಿಗೆ ಮಾಡುವ ಮರ್ಯಾದೆ ಎಂಬ ಈ ನಂಬಿಕೆ ತಪ್ಪು. ಅದರಿಂದ ಬಂದವರಿಗೂ ನಷ್ಟ, ಊರಿಗೂ ನಷ್ಟ.

ಈ ತಪ್ಪಿನ ಬೇರು ಇನ್ನೂ ಆಳದಲ್ಲಿದೆ. ಸಂಸ್ಕೃತಿ ಎಂದರೆ ಊಟ, ಉಡುಗೆ, ನಮಸ್ಕಾರದ ರೀತಿ, ಹಬ್ಬ ಎಂದು ನಾವು ತಿಳಿದುಕೊಂಡಿದ್ದೇವೆ. ಕೊರಿಯಾದಲ್ಲಿ ಕೆಲಸಕ್ಕಿದ್ದು ಬಂದವರು ಹೇಳುವುದನ್ನು ಕೇಳಿದರೂ, ಅಂಥವರು ಬರೆದದ್ದನ್ನು ಓದಿದರೂ ಹೆಚ್ಚಾಗಿ ಸಿಗುವುದು ಇದೇ. ಅಲ್ಲಿ ಕಿಮ್ಚಿ ಇಲ್ಲದೆ ಊಟವಿಲ್ಲ, ಲೋಹದ ಕಡ್ಡಿಗಳಲ್ಲಿ ತಿನ್ನುತ್ತಾರೆ, ಹಿರಿಯರ ಮುಂದೆ ಮುಖ ತಿರುಗಿಸಿಕೊಂಡು ಕುಡಿಯುತ್ತಾರೆ, ಚಪ್ಪಲಿ ಹೊರಗೆ ಬಿಡುತ್ತಾರೆ. ಇವೆಲ್ಲ ನಿಜವೇ. ಆದರೆ ಸಂಸ್ಕೃತಿ ಇಷ್ಟೇ ಆಗಿದ್ದರೆ ಅದನ್ನು ಡಬ್ಬಿಯಲ್ಲಿ ಕಟ್ಟಿ ಎಲ್ಲಿಗೆ ಬೇಕಾದರೂ ಸಾಗಿಸಬಹುದು, ಕಾಂಪೌಂಡಿನೊಳಗೆ ಹಂಚಬಹುದು. ಟೌನ್‌ಶಿಪ್ ವಾದ ನಿಂತಿರುವುದು ಈ ಗ್ರಹಿಕೆಯ ಮೇಲೆಯೇ. ಪರದೇಶದಲ್ಲಿ ಬಾಡಿಗೆ ಮನೆ ಹಿಡಿದು ಸಂಸಾರ ಮಾಡಿದವರಿಗೆ ಮೊದಲ ವಾರವೇ ಎದುರಾಗುವ ಸಂಸ್ಕೃತಿ ಬೇರೆಯದು. ಕೊರಿಯಾದ ಕಸದ ವ್ಯವಸ್ಥೆಯನ್ನೇ ನೋಡಿ. 1995ರಿಂದ ಅಲ್ಲಿ ಮನೆಯ ಕಸವನ್ನು ನಿಗದಿತ ಚೀಲದಲ್ಲೇ ಹಾಕಬೇಕು. ಆ ಚೀಲವನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳಬೇಕು. ಚೀಲದ ಮೇಲೆ ಆಯಾ ಸ್ಥಳೀಯ ಆಡಳಿತದ ಹೆಸರು ಅಚ್ಚಾಗಿರುತ್ತದೆ. ಕಸ ಹೆಚ್ಚು ಮಾಡಿದವರು ಹೆಚ್ಚು ಚೀಲ ಕೊಳ್ಳಬೇಕು. ಅಡುಗೆಮನೆಯ ಕಸ ಬೇರೆ. ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಕಾರ್ಡು ಮುಟ್ಟಿಸಿದರೆ ಡಬ್ಬದ ಮುಚ್ಚಳ ತೆರೆದುಕೊಳ್ಳುತ್ತದೆ, ಹಾಕಿದ್ದರ ತೂಕ ಆ ಮನೆಯ ಲೆಕ್ಕಕ್ಕೆ ಸೇರುತ್ತದೆ. ಮೂಳೆ, ಮೊಟ್ಟೆಯ ಚಿಪ್ಪು, ಕಪ್ಪೆಚಿಪ್ಪು ಅದರಲ್ಲಿ ಬೀಳಬಾರದು. ಆ ಕಸ ಸಾಕುಪ್ರಾಣಿಗಳ ಮೇವಾಗಬಹುದು, ಗೊಬ್ಬರವಾಗಬಹುದು, ಗಟ್ಟಿ ಚಿಪ್ಪು ಎರಡಕ್ಕೂ ಆಗದು. ಇದನ್ನು ತಪ್ಪಿದರೆ ದಂಡವುಂಟು. ದಂಡಕ್ಕೂ ಮೊದಲೇ ಪಕ್ಕದ ಮನೆಯವರ ಆಕ್ಷೇಪಣೆಯುಂಟು. ಒಂದು ದೇಶ ತನ್ನ ಹೇಸಿಗೆಯನ್ನು, ನೀರನ್ನು, ಸದ್ದನ್ನು, ಬಾಡಿಗೆಯ ಮುಂಗಡವನ್ನು ಹೇಗೆ ಹಂಚಿಕೊಳ್ಳುತ್ತದೆ ಎಂಬುದೇ ಅದರ ಸಂಸ್ಕೃತಿಯ ಗಟ್ಟಿ ಭಾಗ. ಅದು ನೆರೆಯವರಿಂದ ಕಲಿಯುವ ವಿದ್ಯೆ. ಕಾಂಪೌಂಡಿನೊಳಗೆ ಅದನ್ನು ಸರಬರಾಜು ಮಾಡಲು ಸಾಧ್ಯವಿಲ್ಲ, ಅಲ್ಲಿ ಆ ಕೆಲಸವನ್ನೆಲ್ಲ ಗುತ್ತಿಗೆಯವರು ಮಾಡಿಬಿಡುತ್ತಾರೆ.

ಬೇಲಿಯೊಳಗಿನ ಬದುಕಿಗೂ ಪೇಟೆಯ ಬದುಕಿಗೂ ಇರುವ ವ್ಯತ್ಯಾಸ ಕೊರಿಯಾದ ಅನುಭವದಲ್ಲೇ ಕಾಣುತ್ತದೆ. ಸೋಲ್ ನಗರದ ನಟ್ಟನಡುವಿನ ಯೊಂಗ್‌ಸಾನ್‌ನಲ್ಲಿ ಮೊದಲು ಜಪಾನಿ ಸೇನೆ, ಎರಡನೇ ಮಹಾಯುದ್ಧದ ನಂತರ ಅಮೆರಿಕನ್ ಸೇನೆ ನೆಲೆ ಮಾಡಿಕೊಂಡಿತು. ಅಮೆರಿಕನ್ ಸೇನೆಯ ಮುಖ್ಯ ಕಚೇರಿ 2018ರಲ್ಲಿ ಪ್ಯೊಂಗ್‌ಟೆಕ್‌ಗೆ ಹೋಗುವವರೆಗೆ ಆ ಗೋಡೆಗಳ ಹಿಂದೆ ಅವರದೇ ಶಾಲೆ, ಆಸ್ಪತ್ರೆ, ಅಂಗಡಿ ಎಲ್ಲವೂ ಇದ್ದವು. ಕೊರಿಯನ್ ಭಾಷೆಯ ಒಂದು ಪದವೂ ಇಲ್ಲದೆ ಅಲ್ಲಿ ವರ್ಷಗಟ್ಟಲೆ ಕಳೆಯಬಹುದಿತ್ತು. ಅವರ ಗಾಲ್ಫ್ ಮೈದಾನವಿದ್ದ ಜಾಗ ವಾಪಸು ಬಂದು 1992ರಲ್ಲಿ ಸಾರ್ವಜನಿಕ ಉದ್ಯಾನವಾದಾಗ ಸೋಲ್‌ನ ಜನ ತಮ್ಮ ನಗರದ ಒಂದು ತುಂಡು ಮರಳಿ ಸಿಕ್ಕಿತೆಂದೇ ಭಾವಿಸಿದರು. ಇನ್ನೊಂದು ಕಡೆ ಅನ್ಸಾನ್ ಇದೆ. ತುಮಕೂರು ಬೆಂಗಳೂರಿಗೆ ಹೇಗೋ ಹಾಗೆ ಅದು ಸೋಲ್‌ಗೆ ಹತ್ತಿರದ ಕೈಗಾರಿಕಾ ಊರು. ಅಲ್ಲಿನ ಕಾರ್ಖಾನೆಗಳಿಗೆ ಬಂದ ಚೀನಾ, ವಿಯೆಟ್ನಾಂ, ನೇಪಾಳ, ಉಜ್ಬೆಕಿಸ್ತಾನಗಳ ಕಾರ್ಮಿಕರು ವೊಂಗೊಕ್ ಬಡಾವಣೆಯಲ್ಲಿ ಬಾಡಿಗೆಗೆ ನಿಂತರು, ಅಂಗಡಿ ಇಟ್ಟರು, ಮಕ್ಕಳನ್ನು ಅಲ್ಲಿನ ಶಾಲೆಗೇ ಹಾಕಿದರು. 2009ರಲ್ಲಿ ಸರ್ಕಾರ ಆ ಬಡಾವಣೆಗೆ ಬಹುಸಂಸ್ಕೃತಿಯ ವಿಶೇಷ ವಲಯ ಎಂಬ ಮನ್ನಣೆ ಕೊಟ್ಟಿತು. ಅನ್ಸಾನ್‌ನಲ್ಲಿ ಜಗಳವಿಲ್ಲವೆಂದಲ್ಲ, ಹೊರಗಿನವರ ಬಗ್ಗೆ ಅಸಹನೆಯೂ ಇದೆ. ಆದರೆ ಅಲ್ಲಿ ಜಗಳವಾಡಲಾದರೂ ಎರಡು ಕಡೆಯವರು ಒಂದೇ ಬೀದಿಯಲ್ಲಿದ್ದಾರೆ, ಪುರಸಭೆಯ ಮುಂದೆ ಒಟ್ಟಿಗೆ ಅರ್ಜಿ ಹಿಡಿದು ನಿಲ್ಲುತ್ತಾರೆ. ಪ್ರತ್ಯೇಕ ವಸತಿ ಯಾವಾಗ ಅನಿವಾರ್ಯ ಎಂಬುದಕ್ಕೂ ಕೊರಿಯಾದಲ್ಲೇ, ಅದೂ ನಮ್ಮ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರ ಕಾಲದಲ್ಲೇ, ಉದಾಹರಣೆ ಇದೆ. 1953ರಲ್ಲಿ ಕೊರಿಯಾ ಯುದ್ಧದ ಕೈದಿಗಳ ವಿಲೇವಾರಿಗಾಗಿ ರಚನೆಯಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರು ಅಧ್ಯಕ್ಷರಾಗಿದ್ದರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ, ಆ ಕೈದಿಗಳ ಕಾವಲಿಗೆ ಬಂದ ಭಾರತದ ಸೈನಿಕರು ತನ್ನ ನೆಲಕ್ಕೆ ಕಾಲಿಡಕೂಡದೆಂದು ಹಟ ಹಿಡಿದ ಕಾರಣ ಅವರನ್ನು ಹೆಲಿಕಾಪ್ಟರುಗಳಲ್ಲಿ ಸೇನಾರಹಿತ ವಲಯಕ್ಕೆ ಸಾಗಿಸಲಾಯಿತು. ಅವರು ಇದ್ದ ಶಿಬಿರದ ಹೆಸರು ಹಿಂದ್ ನಗರ. ಸುತ್ತ ಕೊರಿಯಾ ಇದ್ದರೂ ಅವರಿಗೆ ಕೊರಿಯನ್ ನೆರೆಯವನೆಂಬವನಿರಲಿಲ್ಲ. ಬೇಲಿಯ ಬದುಕು ಯುದ್ಧಕಾಲದ, ಅಪನಂಬಿಕೆಯ ವ್ಯವಸ್ಥೆ. ಅದನ್ನು ಶಾಂತಿಕಾಲದಲ್ಲಿ, ಅತಿಥಿ ಸತ್ಕಾರವೆಂದು ಹೆಸರಿಟ್ಟು ನಾವು ಮಾಡಹೊರಟಿದ್ದೇವೆ.

ತುಮಕೂರು ಜಿಲ್ಲೆಗೆ ಪರದೇಶದವರು ಹೊಸಬರಲ್ಲ. 1800ರಲ್ಲಿ ಫ್ರಾನ್ಸಿಸ್ ಬುಕನನ್ ಈ ಸೀಮೆಯಲ್ಲಿ ಹಾದುಹೋದಾಗ ಗುಬ್ಬಿ ಸಂತೆಯ ವ್ಯಾಪಾರವನ್ನು ವಿವರವಾಗಿ ಬರೆದುಕೊಂಡ. ಆದರೆ ಅವನು ದಾರಿಹೋಕ. ಅವನ ನಂತರ, 1830ರ ದಶಕದ ಕೊನೆಯಲ್ಲಿ ವೆಸ್ಲಿಯನ್ ಮಿಷನರಿಗಳು ಗುಬ್ಬಿಯಲ್ಲಿ ಮನೆ ಮಾಡಿದರು. ಥಾಮಸ್ ಹಾಡ್ಸನ್ ಅಲ್ಲಿದ್ದ. 1839ರಲ್ಲಿ ಬಂದ ಐರ್ಲೆಂಡಿನ ವಿಲಿಯಂ ಆರ್ಥರ್ ಕಣ್ಣಿನ ಬೇನೆಯಿಂದ ಬೇಗನೆ ಹಿಂದಿರುಗಿ, 1847ರಲ್ಲಿ ಮೈಸೂರು ಸೀಮೆಯ ಬಗ್ಗೆ ದೊಡ್ಡ ಪುಸ್ತಕವನ್ನೇ ಪ್ರಕಟಿಸಿದ. ಹಾಡ್ಸನ್ನನ ಕನ್ನಡ ವ್ಯಾಕರಣ 1859ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ಅದೇ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್ 1852ರಲ್ಲಿ ಜೈಮಿನಿ ಭಾರತವನ್ನು ಅನುವಾದ, ಟಿಪ್ಪಣಿಗಳೊಡನೆ ಹೊರತಂದ. ಹಿಂದಿನ ಮಿಷನರಿ ರೀವ್ ಮಾಡಿದ್ದ ಕನ್ನಡ ನಿಘಂಟನ್ನು 1858ರಲ್ಲಿ ಪರಿಷ್ಕರಿಸಿ ಹಿಗ್ಗಿಸಿದ. 1894ರ ಕಿಟೆಲ್ ನಿಘಂಟಿಗೆ ಮೊದಲು ಕನ್ನಡ ಕಲಿಯುವ ಇಂಗ್ಲಿಷರ ಕೈಯಲ್ಲಿದ್ದುದು ಅದೇ. ಇವರ ಉದ್ದೇಶ ಮತಾಂತರ, ಭಾಷೆ ಅವರಿಗೆ ಆಯುಧವಾಗಿತ್ತು ಎಂಬ ಆಕ್ಷೇಪ ಏಳುತ್ತದೆ. ಅದು ಸರಿಯಾದ ಆಕ್ಷೇಪ. ನಮ್ಮ ನಂಬಿಕೆಗಳ ಬಗ್ಗೆ ಅವರು ಬರೆದಿದ್ದರಲ್ಲಿ ಎಷ್ಟೋ ಕಡೆ ತಿರಸ್ಕಾರವೇ ತುಂಬಿದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೂ ಈ ಆಕ್ಷೇಪ ನನ್ನ ವಾದವನ್ನು ಕೆಡವುವುದಿಲ್ಲ. ಬದಲಾಯಿಸಲೆಂದೇ ಬಂದವರು, ಊರಿನ ಜನರ ಜೊತೆ ದಿನವೂ ಮಾತಾಡಬೇಕಾದ ಕಡೆ ಇದ್ದುದರಿಂದ, ಆ ಊರಿನ ಮಾತಿಗೆ ಮಣಿದು ವರ್ಷಗಟ್ಟಲೆ ವಿದ್ಯಾರ್ಥಿಗಳಾದರು. ಅವರು ಬಿಟ್ಟುಹೋದ ನಿಘಂಟು, ವ್ಯಾಕರಣಗಳು ಅವರ ಉದ್ದೇಶವನ್ನು ಮೀರಿ ಕನ್ನಡಕ್ಕೆ ಒದಗಿದವು. ಯಾರ ಮತವನ್ನೂ ಬದಲಾಯಿಸುವ ಗೊಡವೆಯಿಲ್ಲದೆ ಕಾರಿನ ಬಿಡಿಭಾಗ ಮಾಡಲು ಬರುವ ಎಂಜಿನಿಯರ್ ಅದೇ ನೆಲದಲ್ಲಿ ಐದು ವರ್ಷ ಇದ್ದು, ಗುಬ್ಬಿ ಸಂತೆಯಲ್ಲಿ ತೆಂಗಿನಕಾಯಿಯ ಬೆಲೆ ಕೇಳುವಷ್ಟೂ ಕಲಿಯದೆ ಹೋಗುವುದು ನಾವೇ ಕಟ್ಟಿದ ಬೇಲಿಯ ಫಲ.

ಕನ್ನಡ ಕಷ್ಟ, ಮೂರು ವರ್ಷಕ್ಕೆ ಬರುವವರಿಗೆ ಅದನ್ನು ಹೇರಬಾರದು ಎನ್ನುವವರಿದ್ದಾರೆ. ಕೊರಿಯಾದವರ ಮಟ್ಟಿಗೆ ಈ ಮಾತು ತಿರುಗುಮುರುಗಾಗಿದೆ. ಕೊರಿಯನ್ನಿನಲ್ಲಿ ನಮ್ಮಲ್ಲಿರುವಂತೆಯೇ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ವಿಭಕ್ತಿಯಂಥ ಪ್ರತ್ಯಯಗಳು ಹೆಸರಿನ ಕೊನೆಗೆ ಅಂಟುತ್ತವೆ. ಹಿರಿಯರ ಜೊತೆ ಮಾತಾಡುವಾಗ ಕ್ರಿಯಾಪದದ ರೂಪವೇ ಬದಲಾಗುತ್ತದೆ. ನೀನು, ನೀವು ಎಂಬ ಭೇದವನ್ನು ಇಂಗ್ಲಿಷಿನವನಿಗೆ ವಿವರಿಸಿ ಹೇಳಬೇಕು, ಕೊರಿಯಾದವನಿಗೆ ಹೇಳಿಕೊಡುವ ಅಗತ್ಯವಿಲ್ಲ. 1886ರಲ್ಲಿ ಇಂಗ್ಲಿಷ್ ಕಲಿಸಲು ಕೊರಿಯಾಕ್ಕೆ ಹೋದ ಅಮೆರಿಕದ ಹೋಮರ್ ಹಲ್ಬರ್ಟ್ ಅಲ್ಲಿನ ಭಾಷೆಯನ್ನು ಎಷ್ಟು ಕಲಿತನೆಂದರೆ, 1905ರಲ್ಲಿ ಕೊರಿಯನ್ ಮತ್ತು ದ್ರಾವಿಡ ಭಾಷೆಗಳನ್ನು ಹೋಲಿಸಿ ಒಂದು ವ್ಯಾಕರಣವನ್ನೇ ಬರೆದ. ಎರಡೂ ಒಂದೇ ಕುಲದವೆಂಬ ಅವನ ವಾದವನ್ನು ಇಂದಿನ ಭಾಷಾವಿಜ್ಞಾನಿಗಳು ಒಪ್ಪುವುದಿಲ್ಲ. ಆದರೆ ಅವನಿಗೆ ಕಂಡ ರಚನೆಯ ಸಾಮ್ಯ ಕಲಿಯುವವರಿಗೆ ಇಂದಿಗೂ ಅನುಕೂಲವೇ. ಇನ್ನು ಹೇರಿಕೆಯ ಮಾತು. ಕೊರಿಯಾ 2004ರಲ್ಲಿ ಜಾರಿಗೆ ತಂದ ಉದ್ಯೋಗ ಪರವಾನಗಿ ವ್ಯವಸ್ಥೆಯಡಿ ಕಾರ್ಖಾನೆಗೆ ಹೋಗುವ ನೇಪಾಳಿ, ಶ್ರೀಲಂಕದ ಕಾರ್ಮಿಕ ಕೊರಿಯನ್ ಭಾಷೆಯ ಪರೀಕ್ಷೆ ಪಾಸು ಮಾಡದೆ ವಿಮಾನ ಹತ್ತುವಂತಿಲ್ಲ. ಅಲ್ಲೇ ನೆಲೆಸಬಯಸುವವರಿಗೆ ಸರ್ಕಾರವೇ 2009ರಿಂದ ಭಾಷೆ, ಕಾನೂನು, ದಿನನಿತ್ಯದ ವ್ಯವಹಾರ ಕಲಿಸುವ ಹಂತಹಂತದ ತರಗತಿಗಳನ್ನು ನಡೆಸುತ್ತಿದೆ. ಬಡ ಕಾರ್ಮಿಕನಿಗೆ ಪರೀಕ್ಷೆ, ದೊಡ್ಡ ಸಂಬಳದ ಮ್ಯಾನೇಜರಿಗೆ ವಿನಾಯಿತಿ ಎಂಬ ಅನ್ಯಾಯ ಅಲ್ಲಿಯೂ ಇದೆ, ಅದನ್ನು ನಾವು ಅನುಸರಿಸಬೇಕಿಲ್ಲ. ಆದರೆ ಕೆಲಸಕ್ಕೆ ಬಂದವರಿಂದ ಊರಿನ ಭಾಷೆಯನ್ನು ನಿರೀಕ್ಷಿಸುವುದು ಒರಟುತನವಲ್ಲ ಎಂಬುದನ್ನು ಆ ದೇಶವೇ ಒಪ್ಪಿಕೊಂಡಿದೆ. ನಮ್ಮಲ್ಲಿ ಕನ್ನಡದ ಚರ್ಚೆಯೆಲ್ಲ ಅಂಗಡಿಯ ಬೋರ್ಡಿನಲ್ಲಿ ಶೇ 60 ಭಾಗ ಕನ್ನಡವಿದೆಯೇ ಎಂಬಲ್ಲಿಗೆ ನಿಂತುಬಿಡುತ್ತದೆ. ಬೋರ್ಡು ಬೇಕು. ಅದರ ಕೆಳಗೆ ಕೂತು ಕನ್ನಡ ಕಲಿಸುವ ಮೇಷ್ಟರು ಅದಕ್ಕಿಂತ ಹೆಚ್ಚು ಬೇಕು.

ಷರತ್ತು ಹಾಕಿದರೆ ಬಂಡವಾಳ ಓಡಿಹೋಗುತ್ತದೆ ಎಂಬುದು ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವ ವಾದ. ಇದಕ್ಕೆ ಉದಾಹರಣೆಯಾಗಿ ತೋರಿಸುವುದು ಪಾವಗಡದ ಗಡಿಯಾಚೆಯ ಪೆನುಕೊಂಡವನ್ನು. ಕೊರಿಯಾದ ಕಿಯಾ ಕಂಪನಿ 2017ರಲ್ಲಿ ಆಂಧ್ರದೊಡನೆ ಒಪ್ಪಂದ ಮಾಡಿಕೊಂಡು, 2019ರಲ್ಲಿ ಅಲ್ಲಿ ಕಾರು ತಯಾರಿಕೆ ಆರಂಭಿಸಿತು. ವರ್ಷಕ್ಕೆ ಮೂರು ಲಕ್ಷ ಕಾರುಗಳ ಸಾಮರ್ಥ್ಯ. ಆದರೆ ಕಿಯಾ ಅಲ್ಲಿಗೆ ಹೋದದ್ದು ಭೂಮಿ, ನೀರು, ತೆರಿಗೆ ರಿಯಾಯಿತಿ, ಚೆನ್ನೈ ಬಂದರು ಮತ್ತು ತನ್ನ ಸೋದರ ಕಂಪನಿ ಹುಂಡೈನ ಬಿಡಿಭಾಗ ಪೂರೈಕೆದಾರರ ನಂಟು ನೋಡಿಕೊಂಡು. ಯಾವ ದೊಡ್ಡ ಕಾರ್ಖಾನೆಯೂ ಗಾಲ್ಫ್ ಮೈದಾನ ನೋಡಿ ಜಾಗ ಆರಿಸುವುದಿಲ್ಲ. ನಮ್ಮದೇ ಚರಿತ್ರೆಯಲ್ಲಿ ಎಚ್‌ಎಂಟಿ ಇದೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಾಗತೊಡಗಿತು, 1978ರಲ್ಲಿ ತುಮಕೂರಿಗೂ ಆ ಕಾರ್ಖಾನೆ ಬಂತು. ಗಡಿಯಾರದ ಸೂಕ್ಷ್ಮ ವಿದ್ಯೆ ಇಲ್ಲಿನ ಹುಡುಗ ಹುಡುಗಿಯರ ಕೈಗೆ ಇಳಿಯಲು ಜಪಾನಿಗಳಿಗೆ ಪ್ರತ್ಯೇಕ ಊರೇನೂ ಬೇಕಾಗಲಿಲ್ಲ. 2016ರಲ್ಲಿ ಆ ಕಾರ್ಖಾನೆ ಮುಚ್ಚಿದ್ದಕ್ಕೆ ಕಾರಣಗಳು ಬೇರೆ. ಷರತ್ತೂ ನಮಗೆ ಹೊಸದಲ್ಲ. 1986ರಲ್ಲಿ ಸರೋಜಿನಿ ಮಹಿಷಿ ಸಮಿತಿ ವರದಿ ಕೊಟ್ಟ ಕಾಲದಿಂದ ಸ್ಥಳೀಯರಿಗೆ ಕೆಲಸ ಕೊಡಬೇಕೆಂಬ ಬೇಡಿಕೆ ಇದೆ, ರಾಜ್ಯದ ಕೈಗಾರಿಕಾ ನೀತಿಯಲ್ಲಿ ಕನ್ನಡಿಗರಿಗೆ ಶೇ 70 ಉದ್ಯೋಗ ಎಂಬ ನಿಯಮವೂ ಸೇರಿದೆ. ಅದರ ಪಾಲನೆ ಸಾಲದು, ಅದು ಬೇರೆ ಹೋರಾಟ. ಆದರೆ ಅಂಥ ನಿಯಮ ಇದ್ದೂ ಕಾರ್ಖಾನೆಗಳು ಬಂದವಲ್ಲ!

ಬೇಲಿಯ ಬೆಲೆಯನ್ನು ಕೊನೆಗೆ ತೆರುವವರು ಬೇಲಿಯ ಹೊರಗಿನವರು. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಹತ್ತಿರ ಕೊರಿಯನ್ ಒಡೆತನದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಅನಿಲ ಸೋರಿ ವೆಂಕಟಾಪುರ ಸುತ್ತಿನ 12 ಜನ ಸತ್ತರು. ಎಚ್ಚರಿಕೆಯ ಸೈರನ್ ವ್ಯವಸ್ಥೆ ಇದ್ದೂ ಮೊಳಗಲಿಲ್ಲವೆಂದು ರಾಜ್ಯ ಸರ್ಕಾರ ನೇಮಿಸಿದ ಉನ್ನತಾಧಿಕಾರ ಸಮಿತಿ ಹೇಳಿತು. ಅದೇ ವರ್ಷದ ಡಿಸೆಂಬರ್ 12ರಂದು ಕೋಲಾರದ ನರಸಾಪುರದಲ್ಲಿ, ತೈವಾನಿನ ವಿಸ್ಟ್ರಾನ್ ಕಾರ್ಖಾನೆಯಲ್ಲಿ, ಸಂಬಳ ಸರಿಯಾಗಿ ಕೈಸೇರುತ್ತಿಲ್ಲವೆಂಬ ಸಿಟ್ಟು ಒಡೆದು ದಾಂಧಲೆಯಾಯಿತು. ಕೆಲವು ಕಾರ್ಮಿಕರಿಗೆ ಸಕಾಲಕ್ಕೆ ಸರಿಯಾದ ಸಂಬಳ ಹೋಗಿರಲಿಲ್ಲವೆಂದು ಕಂಪನಿಯೇ ಆಮೇಲೆ ಒಪ್ಪಿ ಕ್ಷಮೆ ಕೇಳಿತು. 2024ರ ಸೆಪ್ಟೆಂಬರಿನಲ್ಲಿ ಶ್ರೀಪೆರಂಬುದೂರಿನ ಸ್ಯಾಮ್‌ಸಂಗ್ ಕಾರ್ಖಾನೆಯ ಸಾವಿರಕ್ಕೂ ಹೆಚ್ಚು ಕಾರ್ಮಿಕರು ತಮ್ಮ ಸಂಘಕ್ಕೆ ಮಾನ್ಯತೆ ಬೇಕೆಂದು 37 ದಿನ ಮುಷ್ಕರ ಹೂಡಿದರು. ಇವಕ್ಕೆಲ್ಲ ಕಾಂಪೌಂಡೇ ಕಾರಣ ಎಂದು ನಾನು ಹೇಳುತ್ತಿಲ್ಲ. ಲಾಭದ ಆಸೆ, ಗುತ್ತಿಗೆ ಪದ್ಧತಿ, ಸರ್ಕಾರಿ ತಪಾಸಣೆಯ ಸಡಿಲಿಕೆ ಎಲ್ಲವೂ ಇವುಗಳ ಹಿಂದಿವೆ. ಭಾರತೀಯ ಒಡೆತನದ ಕಾರ್ಖಾನೆಗಳಲ್ಲೂ ಇದೇ ನಡೆಯುತ್ತದೆ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಕಾರ್ಖಾನೆ ನಡೆಸುವವರ ಮಕ್ಕಳೂ ವೆಂಕಟಾಪುರದ ಮನೆಗಳಲ್ಲಿ ಮಲಗಿದ್ದರೆ ಸೈರನ್ನಿನ ಪರೀಕ್ಷೆ ತಿಂಗಳಿಗೊಮ್ಮೆಯಾದರೂ ಆಗುತ್ತಿರಲಿಲ್ಲವೇ? ಸಂಬಳದ ಸ್ಲಿಪ್ಪು ಹಿಡಿದು ಗೊಣಗುವ ಹುಡುಗರ ಮಾತು ಮ್ಯಾನೇಜರನ ಕಿವಿಗೆ ಅಂಗಡಿ ಕಟ್ಟೆಯಲ್ಲೇ ಬೀಳುವಂತಿದ್ದರೆ, ಅದು ಗೇಟು ಮುರಿಯುವವರೆಗೆ ಬೆಳೆಯುತ್ತಿತ್ತೇ? ವಸಂತನರಸಾಪುರದ ಸುತ್ತಲಿನ ಹಳ್ಳಿಗಳವರು ಈ ಪ್ರಶ್ನೆ ಕೇಳಲು ಎಲ್ಲ ಹಕ್ಕೂ ಉಳ್ಳವರು. ಜಮೀನು ಕೊಟ್ಟವರು ಅವರು.

ಪೇಟೆಯಲ್ಲೇ ಇರಲಿ ಎಂದರೆ ಪೇಟೆಯಲ್ಲಿ ಅವರಿಗೆ ಮನೆ ಕೊಡುವವರು ಯಾರು? ಇದು ನನಗೆ ಎಲ್ಲಕ್ಕಿಂತ ಕಠಿಣವಾಗಿ ಕಾಣುವ ಆಕ್ಷೇಪ. ತುಮಕೂರಿನ ಎಷ್ಟೋ ಬಡಾವಣೆಗಳಲ್ಲಿ ಬಾಡಿಗೆ ಮನೆ ಕೇಳಿದರೆ ಮೊದಲು ಬರುವ ಪ್ರಶ್ನೆ ನಾನ್‌ವೆಜ್ ತಿನ್ನುತ್ತೀರಾ ಎಂಬುದು, ಎರಡನೆಯದು ಯಾವ ಜನ ಎಂಬುದು. ಒಣಮೀನು, ಹಂದಿಮಾಂಸ ಬೇಯಿಸುವ ಕೊರಿಯನ್ ಸಂಸಾರಕ್ಕೆ ಅಲ್ಲಿ ಬಾಗಿಲು ತೆರೆಯುವುದು ಸುಲಭವಲ್ಲ. ಆದರೆ ಆ ಬಾಗಿಲು ಮುಚ್ಚಿರುವುದು ಕೊರಿಯಾದವರಿಗಾಗಿ ಅಲ್ಲ. ನಮ್ಮದೇ ದಲಿತ ಶಿಕ್ಷಕರು, ಮುಸ್ಲಿಂ ಗುಮಾಸ್ತರು ಆ ಬಾಗಿಲಿನ ಮುಂದೆ ತಲೆಮಾರುಗಳಿಂದ ನಿಂತಿದ್ದಾರೆ. ವಿದೇಶಿ ಬಂಡವಾಳಕ್ಕಾಗಿ ಪ್ರತ್ಯೇಕ ಊರು ಕಟ್ಟುವುದೆಂದರೆ ಈ ಕೆಟ್ಟ ರೂಢಿಯನ್ನು ತಿದ್ದದೆ ಪಕ್ಕಕ್ಕೆ ಸರಿದು ಹೋಗುವುದು. ಹಣವಿದ್ದವರಿಗೆ ಬೇಲಿಯೊಳಗೆ ಬಂಗಲೆ, ಇಲ್ಲದವರಿಗೆ ಎಂದಿನ ಅವಮಾನ. ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮೀಜಿಯವರು ಎಲ್ಲ ಜಾತಿಯ ಸಾವಿರಾರು ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಉಣಬಡಿಸಿದ ಊರು ಇದು. ಆ ಪಂಕ್ತಿಯನ್ನು ಹೊಗಳಿ ಮನೆಗೆ ಬಂದು, ಬಾಡಿಗೆಯವರ ಜಾತಿ ಕೇಳುವುದನ್ನು ಈ ಊರು ನಿಲ್ಲಿಸಬೇಕಾಗಿದೆ, ಅದು ಕೊರಿಯಾದವರು ಬಂದರೂ ಸರಿ, ಬಾರದಿದ್ದರೂ ಸರಿ.

ಬೇಲಿ ಹಾಕಿದ ನೆಲ ಒಂದು ಊರಿಗೆ ಏನು ಮಾಡುತ್ತದೆ ಎಂಬುದನ್ನು ಕುಣಿಗಲ್ ಬಲ್ಲದು. ಟಿಪ್ಪು ಕಾಲದ ಹೆಸರು ಹೊತ್ತ ಕುದುರೆ ಫಾರಂ ಅಲ್ಲಿ ಪೇಟೆಗೆ ಅಂಟಿಕೊಂಡೇ ಇದೆ. ಸೈನ್ಯದ ಕುದುರೆಗಳಿಂದ ರೇಸಿನ ಕುದುರೆಗಳವರೆಗೆ ಅಲ್ಲಿ ಬೆಳೆದದ್ದೆಲ್ಲ ಕುಣಿಗಲ್ಲಿನ ಹೊರಗಿನವರಿಗಾಗಿ. ಕುದುರೆ ಸಾಕುವ ಕೆಲವು ಕುಟುಂಬಗಳಿಗೆ ಅಲ್ಲಿ ಅನ್ನ ಸಿಕ್ಕಿತು, ಹಸಿರು ಉಳಿಯಿತು, ಅಷ್ಟು ನಿಜ. ಆದರೆ ಊರಿನ ಬಹುಪಾಲು ಜನರಿಗೆ ಅದು ಹೊರಗಿನಿಂದ ನೋಡುವ ಜಾಗವಾಗಿಯೇ ಉಳಿಯಿತು. 2024ರಲ್ಲಿ ಆ ಜಾಗದಲ್ಲಿ ಟೌನ್‌ಶಿಪ್ ಕಟ್ಟುವ ಪ್ರಸ್ತಾವ ಎದ್ದಾಗ ಚರ್ಚೆ ಮರ, ಕುದುರೆ, ಭೂಮಿಯ ಬೆಲೆಯ ಸುತ್ತ ಸುತ್ತಿತು. ಒಂದು ಬೇಲಿ ತೆಗೆದು ಇನ್ನೊಂದು ಬೇಲಿ ಹಾಕುತ್ತಿದ್ದೇವೆಯೇ ಎಂಬ ಪ್ರಶ್ನೆಗೆ ಅದರಲ್ಲಿ ಜಾಗ ಸಿಗಬೇಕಿತ್ತು.

ಕೊರಿಯನ್ ಅಂಗಡಿ ಬೇಡ, ಜಪಾನಿ ಶಾಲೆ ಬೇಡ ಎಂಬುದು ನನ್ನ ವಾದವಲ್ಲ. ಮಕ್ಕಳು ತಾಯ್ನುಡಿ ಮರೆಯದಂತೆ ವಾರಾಂತ್ಯದ ಶಾಲೆ ಬೇಕು, ಊರಿನ ಬೀದಿಯಲ್ಲಿ ಕಿಮ್ಚಿಯೂ ಸಿಗಲಿ, ಕ್ಯಾತಸಂದ್ರದ ತಟ್ಟೆ ಇಡ್ಲಿಯ ಪಕ್ಕದಲ್ಲೇ ಸಿಗಲಿ. ಬೇಡವೆಂದದ್ದು ಪ್ರತ್ಯೇಕ ವಸತಿಯನ್ನು. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಜಮೀನು ಕೊಡುವಾಗ ಬರೆಸಿಕೊಳ್ಳುವ ಕರಾರಿನಲ್ಲಿ ಮೂರು ಮಾತು ಸೇರಲಿ. ವಿದೇಶಿ ಸಿಬ್ಬಂದಿಯ ವಸತಿ ಮಹಾನಗರ ಪಾಲಿಕೆಯ, ಪುರಸಭೆಯ ಬಡಾವಣೆಗಳಲ್ಲೇ ಇರಬೇಕು, ಆ ಬಡಾವಣೆಯ ನೀರು, ಕಸ, ರಸ್ತೆಯ ಖರ್ಚಿನಲ್ಲಿ ಕಂಪನಿಯೂ ಪಾಲು ಹಾಕಬೇಕು. ತುಮಕೂರಿಗೆ ಕುಡಿಯುವ ನೀರು ಕೊಡುವ ಬುಗುಡನಹಳ್ಳಿ ಕೆರೆಗೆ ಹೇಮಾವತಿ ನೀರು ಬಾರದಿದ್ದ ದಿನ ಅವರ ಮನೆಯ ನಲ್ಲಿಯೂ ಒಣಗಿದರೆ, ಜಿಲ್ಲಾಧಿಕಾರಿ ಕಚೇರಿಗೆ ಹೋಗುವ ಅರ್ಜಿಯಲ್ಲಿ ಒಂದು ಸಹಿ ಹೆಚ್ಚಾಗುತ್ತದೆ. ವರ್ಷಕ್ಕೂ ಹೆಚ್ಚು ಇರುವ ಪ್ರತಿಯೊಬ್ಬರಿಗೂ ಕಂಪನಿಯ ಖರ್ಚಿನಲ್ಲಿ, ಕೆಲಸದ ವೇಳೆಯಲ್ಲೇ ಕನ್ನಡ ಪಾಠ ಆಗಬೇಕು. ಉತ್ತರ ಭಾರತದಿಂದ ಬರುವ ಮ್ಯಾನೇಜರುಗಳಿಗೂ ಇದು ಅನ್ವಯಿಸಬೇಕು, ಇಲ್ಲದಿದ್ದರೆ ಇದು ನ್ಯಾಯವಾಗುವುದಿಲ್ಲ. ಅಪಾಯದ ರಾಸಾಯನಿಕ, ಸೈರನ್, ಸಂಬಳದ ದಿನ, ದೂರು ಕೊಡುವ ದಾರಿ ಇವೆಲ್ಲ ಕಾರ್ಖಾನೆಯ ಒಳಗೂ ಸುತ್ತಲಿನ ಹಳ್ಳಿಗಳಲ್ಲೂ ಕನ್ನಡದಲ್ಲಿರಬೇಕು. ಇದಕ್ಕೆ ಬೇಕಾದ ಪಠ್ಯ, ಮೇಷ್ಟರು, ಪರೀಕ್ಷೆ ಸಿದ್ಧಪಡಿಸುವ ಕೆಲಸ 2004ರಿಂದ ಇಲ್ಲೇ ಇರುವ ತುಮಕೂರು ವಿಶ್ವವಿದ್ಯಾನಿಲಯದ್ದು. ಅದರ ಜೊತೆಗೇ ಕೊರಿಯನ್, ಜಪಾನಿ ಭಾಷೆಗಳ ತರಗತಿಗಳೂ ಅಲ್ಲಿ ನಡೆಯಲಿ. ಅನುವಾದಕರ ಕೆಲಸ, ತಾಂತ್ರಿಕ ತರಬೇತಿಯ ಕೆಲಸ ಬೆಂಗಳೂರಿನವರ ಪಾಲಾಗುವ ಬದಲು ಗುಬ್ಬಿ, ಕುಣಿಗಲ್, ಸಿರಾ, ಪಾವಗಡದ ಹುಡುಗಿಯರ ಪಾಲಿಗೆ ಬರಲಿ. ಕರಾರಿಗೆ ಸಹಿ ಬೀಳುವ ಮೊದಲೇ ಇದನ್ನು ಕೇಳಬೇಕು, ಸಹಿ ಬಿದ್ದ ಮೇಲೆ ಕೇಳಿದರೆ ಯಾವ ಕಂಪನಿಯೂ ಕಿವಿಗೊಡುವುದಿಲ್ಲ.